ಅಂಗಡಿ ಹೆಚ್ಚಿಸುವ ಹೊತ್ತು

ಜನವರಿ ೬, ಸೋಮವಾರ

ದಾರದ ಕಂಪನಿಯವರು ಪ್ರತಿ ವರ್ಷ ಕೊಡುವ ಡೈರಿಯನ್ನು ಕೇಳಿದವರಿಗೆ ಕೊಟ್ಟುಬಿಡುತ್ತಿದ್ದೆ. ಈ ಸಲ ನಾನೇ ಇಟ್ಟುಕೊಂಡಿದ್ದೇನೆ. ಓದುವವರು ಯಾರೂ ಇಲ್ಲವಾದ್ದರಿಂದ ಕಾರಣವನ್ನು ನೇರವಾಗಿ ಬರೆಯುತ್ತೇನೆ. ನನಗೆ ಮಾತಾಡಲು ಜನ ಇಲ್ಲ.

ನಸೀರುದ್ದೀನ ಚಾಚಾ ಹೋಗಿ ವಾರವಾಯಿತು. ಸುರಪುರದ ಈ ಹಳೇ ಪೇಟೆಯಲ್ಲಿ ನನ್ನದು ಗುಂಡಿ, ದಾರ, ಹುಕ್ಕು, ಲೇಸು, ಅಸ್ತರಿನ ಅಂಗಡಿ. ಗೋಡೆಗೆ ಗೋಡೆ ಹತ್ತಿ ಅವರದು ಟೋಪಿ, ಅತ್ತರು, ಸುರ್ಮಾದ ಅಂಗಡಿ. ಚಾಚಿ ತೀರಿಕೊಂಡ ಮೇಲೆ ಮಗಳು ಬಂದು ಅವರನ್ನು ಯಾದಗಿರಿಗೆ ಕರೆದುಕೊಂಡು ಹೋದಳು. ಕಣ್ಣಿಗೆ ಪೊರೆ ಬಂದ ಮುದುಕ ಇಲ್ಲಿ ಒಬ್ಬನೇ ಹೇಗಿರಬೇಕು? ಹೋಗಲೇಬೇಕಿತ್ತು, ಹೋದರು. ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಮಾತ್ರ ಕೇಳಬಾರದು.

ಹಗಲು ಹೇಗೋ ಕಳೆಯುತ್ತದೆ. ಸಂಜೆಯದೇ ಕಷ್ಟ. ದೀಪ ಹಚ್ಚಿ, ಗಿರಾಕಿ ನಿಂತ ಮೇಲೆ ಆ ಕಡೆಯಿಂದ "ಬೇಟಿ, ಹೆಚ್ಚಸೋಣೇನು?" ಎಂದು ಕೂಗು ಬರುತ್ತಿತ್ತು. ನಾನು "ಹೆಚ್ಚಸ್ರಿ ಚಾಚಾ" ಎನ್ನುತ್ತಿದ್ದೆ. ಎರಡೂ ಶಟರು ಒಟ್ಟಿಗೆ ಇಳಿಯುತ್ತಿದ್ದವು. ಈಗ ಯಾರಿಗೂ ಏನೂ ಹೇಳದೆ ಕಳ್ಳರ ಹಾಗೆ ಶಟರು ಎಳೆದು ಮನೆಗೆ ಹೋಗುತ್ತೇನೆ.

ಜನವರಿ ೧೧, ಶನಿವಾರ

ಕಾಲೇಜು ಹುಡುಗಿಯೊಬ್ಬಳು ಸಂಜೆ ಬಂದು, "ಆಂಟಿ, ಅಂಗಡಿ ಮುಚ್ಚಾಕತ್ತೀರೇನು?" ಎಂದಳು. ಎದುರಿನ ಪಾತ್ರೆ ಅಂಗಡಿಯವನು ತಿರುಗಿ ನೋಡಿದ. ನನ್ನ ನಾಲಿಗೆಯೂ ಸುಮ್ಮನಿರಲಿಲ್ಲ. "ಮುಚ್ಚೋದು ಬಾಯಿ, ಅಂಗಡಿ ಅಲ್ಲ" ಎಂದುಬಿಟ್ಟೆ. ಪಾಪ, ಲೇಸು ಕೊಳ್ಳದೆಯೇ ಹೋದಳು.

ನಮ್ಮ ಪೇಟೆಯಲ್ಲಿ ಅಂಗಡಿ ಮುಚ್ಚುವುದು ಎಂಬ ಮಾತಿಲ್ಲ. ಬಳೆ ಒಡೆದರೆ ಹೆಚ್ಚಿದವು ಎನ್ನುತ್ತೇವೆ, ದೀಪ ಆರಿಸುವುದಕ್ಕೆ ದೊಡ್ಡದು ಮಾಡುವುದು ಎನ್ನುತ್ತೇವೆ. ಹಾಗೆಯೇ ಸಂಜೆ ಅಂಗಡಿ ಹೆಚ್ಚಿಸುತ್ತೇವೆ. ಹೆಚ್ಚಿಸಿ, ಬೀಗ ಜಡಿದು ಮನೆಗೆ ಹೋಗುತ್ತೇವೆ.

ಅಪ್ಪನಿಗೆ ಇದು ಗೊತ್ತಿರಲಿಲ್ಲ. ನಮ್ಮ ಜನಕ್ಕೆ ಈ ಸಾಲಿನಲ್ಲಿ ಮಳಿಗೆ ಸಿಗುವುದೇ ಇಲ್ಲ ಎನ್ನುತ್ತಿದ್ದ ಕಾಲ. ಚಾಚಾ ಮಾಲೀಕರ ಹತ್ತಿರ ಹಟ ಹಿಡಿದು ಮಾತಾಡಿ ಕೊಡಿಸಿದ್ದರು. ಮೊದಲ ದಿನ ಸಂಜೆ ಅಪ್ಪ ಎದ್ದು ನಿಂತು, "ಮುಚ್ಚೋಣು ನಡಿ ಪಂಚಶೀಲಾ" ಎಂದು ದೊಡ್ಡ ದನಿಯಲ್ಲಿ ಹೇಳಿದ. ಇಡೀ ಸಾಲು ನಮ್ಮ ಕಡೆ ನೋಡಿತು. ನನಗೆ ಆಗ ಹದಿಮೂರು ವರ್ಷ, ಭೂಮಿ ಬಾಯಿಬಿಡಬಾರದೇ ಅನಿಸಿತು. ಚಾಚಾ ಎದ್ದು ಬಂದು ಅಪ್ಪನ ಹೆಗಲ ಮೇಲೆ ಕೈ ಹಾಕಿ, "ಮಹಾದೇವಪ್ಪ, ಇಲ್ಲಿ ಹೆಚ್ಚಸ್ತೀವಿ ಅನ್ರಿ" ಎಂದರು. ಅಪ್ಪ ಶಕುನ, ಮುಹೂರ್ತ ಒಂದನ್ನೂ ಹೊಸ್ತಿಲು ದಾಟಲು ಬಿಟ್ಟವನಲ್ಲ. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರು ಬಿಟ್ಟರೆ ಇನ್ನೊಂದು ಫೋಟೊ ಇರಲಿಲ್ಲ. ಆದರೂ ಆ ಮಾತನ್ನು ಒಪ್ಪಿಕೊಂಡ. "ಇದು ಶಕುನ ಅಲ್ಲವ್ವ, ಇದು ಪ್ಯಾಟಿ ಭಾಷಾ. ಇದನ್ನ ಕಲತ್ರ ನಾವೂ ಪ್ಯಾಟಿ ಮಂದಿನೇ" ಎಂದ. ಅವತ್ತಿನಿಂದ ಆ ಇನ್ನೊಂದು ಮಾತು ನಮ್ಮ ಅಂಗಡಿಯಲ್ಲಿ ಯಾರ ಬಾಯಲ್ಲೂ ಬಂದಿಲ್ಲ.

ಜನವರಿ ೧೯, ಭಾನುವಾರ

ತಮ್ಮ ಸುನೀಲಕುಮಾರ ಭೀಮರಾಯನಗುಡಿಯಿಂದ ಬಂದಿದ್ದ. ಅಲ್ಲಿ ಕಚೇರಿಯಲ್ಲಿ ಗುಮಾಸ್ತ, ಸರ್ಕಾರಿ ಕ್ವಾರ್ಟರ್ಸು, ಇಬ್ಬರು ಮಕ್ಕಳು.

"ಅಕ್ಕಾ, ಇಲ್ಲಿ ಏನದ ಹೇಳು? ಪ್ಯಾಟಿ ಎಲ್ಲಾ ಬಸ್‌ಸ್ಟ್ಯಾಂಡ್ ಕಡೀಗಿ ಹೋಗ್ಯಾದ. ರೆಡಿಮೇಡ್ ಹಾಕ್ಕೊಳ್ಳೋ ಮಂದಿಗಿ ಗುಂಡಿ ಯಾಕ ಬೇಕು?"

"ನಿನ್ನ ಅಂಗೀದು ಎರಡನೇ ಗುಂಡಿ ಕಿತ್ತ್ಯಾದ."

ನಕ್ಕ. ಕೂರಿಸಿ ಹೊಲಿದುಕೊಟ್ಟೆ. ಹೊಲಿಯುವಾಗಲೇ ವಿಷಯ ತೆಗೆದ. ಅವನ ಹೆಂಡತಿ ನಂದಿನಿಗೆ ಶಹಾಪುರದ ಶಾಲೆಯೊಂದರಲ್ಲಿ ನೌಕರಿ ಬಂದಿದೆ, ಜೂನಿನಿಂದ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಜನ ಬೇಕು. ನಾನೂ ಇಲ್ಲಿ ಒಬ್ಬಳೇ. "ನಿನಗೂ ಆಸರಾ ಆಗ್ತದ, ನಮಗೂ ಆಗ್ತದ" ಎಂದ. ಎರಡರಲ್ಲಿ ಯಾವುದು ಮೊದಲು ಹೊಳೆಯಿತು ಎಂದು ನಾನು ಕೇಳಲಿಲ್ಲ. ಒಳ್ಳೆಯ ಹುಡುಗ, ಕೇಳಿದ್ದರೆ ನಿಜವನ್ನೇ ಹೇಳುತ್ತಿದ್ದ.

"ಯುಗಾದಿ ಹೊತ್ತಿಗಿ ನೋಡೋಣ" ಎಂದೆ. ಅವನು ಅದನ್ನು ಹೂಂ ಎಂದು ತಿಳಿದುಕೊಂಡು ಹೋದ. ನಾನೂ ಹಾಗೆಯೇ ತಿಳಿದುಕೊಂಡಿದ್ದೇನೆ.

ಜನವರಿ ೨೩, ಗುರುವಾರ

ಮಧ್ಯಾಹ್ನದವರೆಗೆ ನನ್ನ ದನಿ ನನಗೇ ಕೇಳಿಸಲಿಲ್ಲ. ಆಮೇಲೆ ಒಬ್ಬ ಬಂದು ಚಿಲ್ಲರೆ ಕೇಳಿದ. ಇಲ್ಲ ಎಂದೆ. ಇವತ್ತಿನ ಮಾತು ಅಷ್ಟೇ.

ಫೆಬ್ರವರಿ ೧, ಶನಿವಾರ

ರಂಗಂಪೇಟೆಯ ಮಲ್ಲಾಬಾಯಿ ಬಂದಿದ್ದಳು. ಅಪ್ಪನ ಕಾಲದಿಂದ ನಮ್ಮಲ್ಲೇ ದಾರ ಒಯ್ಯುವ ದರ್ಜಿ. ಈರುಳ್ಳಿ ಸಿಪ್ಪೆ ಬಣ್ಣದ ಕುಪ್ಪಸದ ಬಟ್ಟೆ ತಂದು, ಇದಕ್ಕೆ ಹೊಂದುವ ದಾರ ಬೇಕು ಎಂದಳು.

ಬಣ್ಣ ಹೊಂದಿಸುವಾಗ ಟ್ಯೂಬ್‌ಲೈಟನ್ನು ನಂಬಬಾರದು, ಅದು ಮಹಾ ಸುಳ್ಳಿ. ಬಟ್ಟೆ ಮತ್ತು ದಾರ ಎರಡನ್ನೂ ಬೀದಿಗೆ ತಂದು ಬಿಸಿಲಿಗೆ ಹಿಡಿಯಬೇಕು. ಹಿಡಿದೆ. ಹಿಡಿದು, "ಹೌದೇನ್ರಿ ಚಾಚಾ?" ಎಂದು ಪಕ್ಕಕ್ಕೆ ತಿರುಗಿದೆ. ಅಲ್ಲಿ ಬೀಗ ಹಾಕಿದ ಶಟರು. ಮೂರು ವರ್ಷದಿಂದ ಅವರಿಗೆ ಬಣ್ಣವೇ ಕಾಣುತ್ತಿರಲಿಲ್ಲ. ಏನು ತೋರಿಸಿದರೂ ಬಹಳ ಸಲ "ಬರೋಬ್ಬರಿ ಅದ ಬೇಟಿ" ಎನ್ನುತ್ತಿದ್ದರು. ಕಾಣುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಅವರು ಹೇಳದೆ ನಾನು ದಾರ ಕತ್ತರಿಸಿದವಳಲ್ಲ.

ಬೀದಿಯಲ್ಲಿ ನಿಂತು ಅತ್ತೆ. ನಲವತ್ತೇಳು ವರ್ಷದ ಹೆಂಗಸು, ಕೈಯಲ್ಲಿ ದಾರದ ಉಂಡೆ ಹಿಡಿದುಕೊಂಡು. ಮಲ್ಲಾಬಾಯಿ ಗುಡ್ಡದ ಕಡೆ ನೋಡುತ್ತಾ ನಿಂತಳು, ಅಲ್ಲಿ ಏನೋ ನಡೆಯುತ್ತಿದೆ ಎಂಬ ಹಾಗೆ.

ಇನ್ನು ಸಾಕು. ಮಾಲೀಕರಿಗೆ ಹೇಳಿಬಿಡುತ್ತೇನೆ.

ಫೆಬ್ರವರಿ ೫, ಬುಧವಾರ

ಲಕ್ಷ್ಮಿಕಾಂತರ ಮನೆಗೆ ಹೋಗಿ ಹೇಳಿ ಬಂದೆ. ಈ ಸಾಲಿನ ಮಳಿಗೆಗಳೆಲ್ಲ ಅವರ ಅಜ್ಜ ಕಟ್ಟಿಸಿದವು. ಬಾಗಿಲಲ್ಲೇ ನಿಂತು, "ಯುಗಾದಿಗಿ ಅಂಗಡಿ ಹೆಚ್ಚಸಬೇಕಂತ ಮಾಡೀನ್ರಿ" ಎಂದೆ. ದಿನದ ಸಂಜೆಯದಲ್ಲ, ಕಾಯಮ್ಮಿನದು ಎಂದು ತಿಳಿಯಲೆಂದೇ ಯುಗಾದಿಯನ್ನು ಸೇರಿಸಿದ್ದು.

ಅವರ ಮುಖ ಊರಗಲವಾಯಿತು. "ಭಾಳ ಛಲೋ ಮಾಡಿದ್ರಿ! ನಾನೇ ಈ ಮಾತು ಹೇಳಬೇಕಂತಿದ್ದೆ ನೋಡ್ರಿ" ಎಂದರು. ಒಳಗೆ ಕರೆದು ಚಹಾ ಕೊಡಿಸಿದರು. ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಅಪ್ಪನ ಕಾಲದಿಂದ ಇಲ್ಲಿಯವರೆಗೆ ಆ ಕಟ್ಟೆಯ ಮೇಲೆ ಕೂತಿದ್ದೇವೆ. ತೊಲಗಿದರೆ ಸಾಕು ಎಂದು ಕಾಯುತ್ತಿದ್ದರೇನೋ. ಚಹಾ ಬಿಸಿ ಇತ್ತು, ಹಾಗೇ ಗಟಗಟ ಕುಡಿದು ಎದ್ದು ಬಂದೆ. ನಾಲಿಗೆ ಸುಟ್ಟಿದೆ.

ಫೆಬ್ರವರಿ ೧೦, ಸೋಮವಾರ

ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಬೆಳಿಗ್ಗೆ ಲಕ್ಷ್ಮಿಕಾಂತರು ಗೋಡೆ ಕೆಲಸದ ಗೌಂಡಿ ಅಮಾತೆಪ್ಪನನ್ನು ಕರೆದುಕೊಂಡು ಬಂದರು. ಚಾಚಾನ ಶಟರು ತೆಗೆಸಿ, ಟೇಪು ಹಿಡಿಸಿ ಅಳೆಸಿದರು. ಆಮೇಲೆ ನನ್ನ ಅಂಗಡಿಗೆ ಬಂದು ನಡುಗೋಡೆಯನ್ನು ತಟ್ಟಿ, "ಇದನ್ನ ತಗದ್ರ ಎರಡೂ ಒಂದ ಆಗ್ತಾವ. ಹೆಚ್ಚಸಿದ್ರ ಹಿಂಗ ಹೆಚ್ಚಸಬೇಕು ನೋಡ್ರಿ! ಖಾಲಿ ಬಿಟ್ರ ಹೆಗ್ಗಣ ಸೇರ್ತಾವ. ಬಾಡಗಿ ಮಾತು ಆಮ್ಯಾಲ ಆಡೋಣು" ಎಂದರು.

ಆಗ ನನಗೆ ಬೆಳಕು ಹರಿಯಿತು. ನಾನು ಪೇಟೆ ಭಾಷೆಯಲ್ಲಿ ಹೇಳಿದ್ದೆ, ಅವರು ಮನೆ ಭಾಷೆಯಲ್ಲಿ ಕೇಳಿದ್ದಾರೆ. ನಾನು ಅಂಗಡಿ ಬಿಡುತ್ತೇನೆ ಎಂದದ್ದು ಅವರಿಗೆ ಅಂಗಡಿ ದೊಡ್ಡದು ಮಾಡುತ್ತೇನೆ ಎಂದು ಕೇಳಿಸಿದೆ. ಅವರ ತಪ್ಪೂ ಅಲ್ಲ. ದಿನ ಹೆಚ್ಚಿಸುವುದಕ್ಕೆ ಮಾತಿದೆ, ಕೊನೆಯದಾಗಿ ಹೆಚ್ಚಿಸುವುದಕ್ಕೆ ನಮ್ಮ ಪೇಟೆ ಮಾತನ್ನೇ ಮಾಡಿಟ್ಟಿಲ್ಲ.

"ನಾ ಅಂದದ್ದು ಹಂಗಲ್ರಿ" ಎಂದು ಶುರು ಮಾಡಿದೆ. "ಅಂಗಡಿ ನಾ ಮು..."

"ಹಾಂ?"

"ಮು... ಮುಂದಿನ ವಾರ ನೋಡೋಣ್ರಿ."

ಅಪ್ಪ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ನನಗಂತೂ ನಗು ಬರಲಿಲ್ಲ.

ಫೆಬ್ರವರಿ ೧೪, ಶುಕ್ರವಾರ

ಲಕ್ಷ್ಮಿಕಾಂತರ ಬಾಯಿಗೆ ಬಿದ್ದ ಮೇಲೆ ಡಂಗುರ ಬೇರೆ ಬೇಕೇ? ಇಡೀ ಪೇಟೆಗೆ ಗೊತ್ತಾಗಿದೆ. ಎದುರಿನ ಪಾತ್ರೆ ಅಂಗಡಿಯವನು ಇಷ್ಟು ವರ್ಷ ತಲೆ ಆಡಿಸುವುದರ ಆಚೆ ಒಂದು ಹೆಜ್ಜೆ ಇಟ್ಟವನಲ್ಲ. ಇವತ್ತು ರಸ್ತೆ ದಾಟಿ ಬಂದು ಕಟ್ಟೆಯ ಮೇಲೆ ಕೂತ. "ನೀವು ಹೆಚ್ಚಸಾಕತ್ತೀರಿ ಅಂದ್ರ ಈ ಪ್ಯಾಟ್ಯಾಗ ಇನ್ನ ಜೀವ ಅದ ಅಂದಂಗಾತು. ನಾನೂ ಬಸ್‌ಸ್ಟ್ಯಾಂಡ್ ಕಡೀಗಿ ಹೋಗಬೇಕಂತಿದ್ದೆ, ಈಗ ವಿಚಾರ ಮಾಡಾಕತ್ತೀನಿ" ಎಂದ. ನಿಜ ಹೇಳುವ ಬದಲು ಅವನಿಗೆ ಚಹಾ ತರಿಸಿದೆ.

ಮಲ್ಲಾಬಾಯಿ ಇನ್ನಿಬ್ಬರು ದರ್ಜಿ ಹೆಂಗಸರನ್ನು ಕಟ್ಟಿಕೊಂಡು ಬಂದಳು. "ಆ ಕಡಿ ಅಂಗಡ್ಯಾಗ ಪಿಕೋ ಮಷಿನ ಇಡ್ರಿ ಅಕ್ಕೋರ. ಒಂದ ಸೀರಿ ಅಂಚಿಗಿ ನಾವು ಬಸ್‌ಸ್ಟ್ಯಾಂಡ್ ತನಕ ಹೋಗಬೇಕಾಗ್ಯಾದ." ಇನ್ನೊಬ್ಬಳು ಕುಪ್ಪಸಕ್ಕೆ ಕಟ್ಟುವ ಗೊಂಡೆ ಇಡಿ ಎಂದಳು, ಮತ್ತೊಬ್ಬಳು ಬೇಡ ಎಂದಳು. ನನ್ನ ಅಂಗಡಿಯಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಜಗಳವಾಡಿದರು.

ನಾಳೆ ಖಂಡಿತ ಹೇಳುತ್ತೇನೆ. ಮೇ ತಿಂಗಳ ಮದುವೆಗಳಿಗೆ ಈರುಳ್ಳಿ ಬಣ್ಣ, ರಾಮಾ ಹಸಿರಿನ ದಾರ ಸಾಲುವುದಿಲ್ಲ, ಹುಬ್ಬಳ್ಳಿಗೆ ಫೋನು ಮಾಡಿ ಬರೆಸಿದೆ.

ಫೆಬ್ರವರಿ ೨೭, ಗುರುವಾರ

ಗೊಂಡೆಯ ವಿಷಯದಲ್ಲಿ ಬೇಡ ಎಂದವಳೇ ಸರಿ. ಸುನೀಲಕುಮಾರ ಫೋನು ಮಾಡಿದ್ದ. ನನಗೆಂದು ಮಂಚ ತಂದಿದ್ದಾರಂತೆ. ಮಾಲೀಕರಿಗೆ ಹೇಳಿದೆಯಾ ಎಂದು ಕೇಳಿದ. ಹೇಳೀನಿ ಎಂದೆ. ಸುಳ್ಳಂತೂ ಅಲ್ಲ.

ಮಾರ್ಚ್ ೯, ಭಾನುವಾರ. ಭೀಮರಾಯನಗುಡಿ

ಚಾಚಾನ ಹತ್ತಿರ ಹೋಗಿ ಹೇಳುವುದೇ ಸರಿ ಅನಿಸಿತು. ಪೇಟೆ ಭಾಷೆ ಗೊತ್ತಿರುವವರ ಮುಂದೆ ಹೇಳಿದರೆ ಆಮೇಲೆ ಉಳಿದವರಿಗೆ ಅವರೇ ಹೇಳುತ್ತಾರೆ. ಬೆಳಿಗ್ಗೆ ಯಾದಗಿರಿ ಬಸ್ಸು ಹತ್ತಿದೆ.

ಮಗಳ ಮನೆ ಚೆನ್ನಾಗಿದೆ. ಅವರಿಗೆ ಬೇರೆ ಕೋಣೆ, ಫ್ಯಾನು, ಕಿಟಕಿ. ಒಂದು ಕಣ್ಣಿನ ಆಪರೇಷನ್ ಆಗಿದೆ. ರಂಜಾನಿನ ಉಪವಾಸ, ರೋಜಾ ಇಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಅದಕ್ಕೇ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಬೇಟಿ, ನಿನ್ನ ಸೀರಿ ಬದನಿಕಾಯಿ ಬಣ್ಣದ್ದು. ಕಾಣಾಕತ್ತದ!"

"ಹಂಗಾದ್ರ ಇಷ್ಟು ದಿನ ಬರೋಬ್ಬರಿ ಅದ ಬರೋಬ್ಬರಿ ಅದ ಅಂತಿದ್ರೆಲ್ಲ?"

"ನಿನ್ನ ಆವಾಜ್ ಕೇಳಿ ಹೇಳ್ತಿದ್ದೆ. ಬಣ್ಣ ಕೂಡಿದ್ರ ನೀ ಗಟ್ಟಿ ಕೇಳ್ತಿ, ಕೂಡದಿದ್ರ ಮೆತ್ತಗ ಕೇಳ್ತಿ. ಮೆತ್ತಗ ಕೇಳಿದಾಗ ನಾ ಇನ್ನೊಂದು ನೋಡು ಅಂದಿಲ್ಲೇನು?"

ಅಂದಿದ್ದರು. ಆಗಾಗ ಅಂದಿದ್ದರು.

ಲಕ್ಷ್ಮಿಕಾಂತರು ಅವರಿಗೂ ಫೋನು ಮಾಡಿದ್ದಾರೆ. "ನನ್ನ ದುಕಾನ ನಿನಗ ಬರ್ತದಂತ. ಭಾಳ ಖುಷಿ ಆತು" ಎಂದರು. ನಾನು ತಲೆ ತಗ್ಗಿಸಿ, "ಚಾಚಾ, ನಾ ಅವರಿಗಿ ಹೆಚ್ಚಸ್ತೀನಿ ಅಂದೆ" ಎಂದೆ. ಅಷ್ಟೇ ಅಂದದ್ದು. ಅವರಿಗೆ ಅಷ್ಟೇ ಸಾಕಾಯಿತು.

"ಹಮೇಶಾಕೇನು, ಕಾಯಮ್ಮಾಗಿ?"

"ಹೂಂ."

ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಎನ್ನಲಿಲ್ಲ. ಮಗಳು ಚಹಾ ತಂದಿಟ್ಟು ಹೋದ ಮೇಲೆ ಮೆಲ್ಲಗೆ, "ಇವರು ನನ್ನ ಭಾಳ ಛಲೋ ನೋಡ್ತಾರ. ಸುಳ್ಳ ಹೇಳಬಾರದು. ಖರೆ ಇಲ್ಲಿ ಸಂಜಿ ಆಗೂದಿಲ್ಲ ಬೇಟಿ. ಹಗಲಿರ್ತದ, ಆಮ್ಯಾಲ ಒಮ್ಮಿಗೇ ರಾತ್ರಿ ಆಗ್ತದ" ಎಂದರು. ಮತ್ತೆ ಆ ಮಾತು ತೆಗೆಯಲಿಲ್ಲ. ಮಲ್ಲಾಬಾಯಿಯ ಮಂಡಿನೋವು ಹೇಗಿದೆ ಎಂದು ಕೇಳಿದರು.

ಬರುವಾಗ ದಾರಿಯಲ್ಲೇ ಎಂದು ತಮ್ಮನ ಮನೆಯಲ್ಲಿ ಇಳಿದೆ. ಮಕ್ಕಳ ಕೋಣೆಯಲ್ಲಿ ಹೊಸ ಮಂಚ, ಹೂವಿನ ಚಾದರ. ನಂದಿನಿ ನಾನು ಕೇಳುವ ಮುಂಚೆಯೇ ಬಿಸಿ ರೊಟ್ಟಿ ಮಾಡಿದಳು. ಶಾಲೆಗೆ ಹೋಗಲೆಂದು ಎರಡು ಸೀರೆ ತೆಗೆದಿಟ್ಟಿದ್ದಾಳೆ, ತೋರಿಸಿದಳು. "ಅಕ್ಕಾ, ಬಿ.ಎಡ್ ಮಾಡಿ ಒಂಬತ್ತು ವರ್ಷ ಆತು. ಈಗ ನೀವು ಬರ್ತೀರಂತ ಇದೆಲ್ಲಾ ಆಗಾಕತ್ತದ" ಎಂದಳು. ಅವಳ ಕಣ್ಣಲ್ಲಿ ಬೆಳಕಿತ್ತು. ಯಾರೂ ಕೆಟ್ಟವರಲ್ಲ. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಎಷ್ಟು ಸುಲಭವಿತ್ತು.

ಊಟಕ್ಕೆ ಮುಂಚೆ ಹೊರಗೆ ಕತ್ತಲಾಗಿತ್ತು. ಯಾವಾಗ ಆಯಿತೋ ನಾನು ನೋಡಲಿಲ್ಲ.

ಮಾರ್ಚ್ ೧೬, ಭಾನುವಾರ

ಹೇಳಿಬಿಟ್ಟೆ. ಲಕ್ಷ್ಮಿಕಾಂತರಿಗಲ್ಲ, ತಮ್ಮನಿಗೆ, ಫೋನಿನಲ್ಲಿ. "ನಾ ಬರೂದಿಲ್ಲ" ಎಂದೆ. ಆ ಮಾತಿಗೆ ಯಾವ ಭಾಷೆಯ ತೊಡಕೂ ಇರಲಿಲ್ಲ.

"ಅಕ್ಕಾ, ನಾಳಿ ಹಾಸಗಿ ಹಿಡದ್ರ ನಿನ್ನ ಯಾರು ನೋಡ್ತಾರ?"

"ಗೊತ್ತಿಲ್ಲಪ್ಪ."

ನಿಜಕ್ಕೂ ಗೊತ್ತಿಲ್ಲ. ಗೊತ್ತಿರುವ ಹಾಗೆ ಆಡಲು ನನಗೆ ಬರಲಿಲ್ಲ. ಅವನು ಸಿಟ್ಟಾಗಲಿಲ್ಲ, ಫೋನನ್ನು ನಂದಿನಿಗೆ ಕೊಟ್ಟ. ಅವಳು ಒಂದೇ ಮಾತು ಹೇಳಿದಳು. "ನಾ ಸಾಲಿಯವರಿಗಿ ಹೂಂ ಅಂದಿದ್ದೆ ಅಕ್ಕಾ." ಗೊತ್ತದ ಎಂದೆ. ಫೋನನ್ನು ಅವಳೇ ಇಟ್ಟಳು.

ಅವಳಿಗೆ ನಾನು ಮಾಡಿದ್ದು ಅನ್ಯಾಯವೇ. ನನ್ನ ಸಂಜೆಯನ್ನು ಉಳಿಸಿಕೊಳ್ಳಲು ಅವಳ ಹಗಲನ್ನು ಕಿತ್ತುಕೊಂಡ ಹಾಗಾಯಿತು. ಬೇರೆ ಯಾರನ್ನಾದರೂ ಹುಡುಕಿಕೊಡಬೇಕು. ಮಲ್ಲಾಬಾಯಿಯ ತಂಗಿಯ ಮನೆ ಶಹಾಪುರದಲ್ಲೇ ಇದೆ, ನಾಳೆ ಕೇಳುತ್ತೇನೆ. ಸಿಕ್ಕರೂ ನಂದಿನಿ ನನ್ನ ಜೊತೆ ಮೊದಲಿನ ಹಾಗೆ ಮಾತಾಡುತ್ತಾಳೋ ಇಲ್ಲವೋ.

ಮಾರ್ಚ್ ೧೯, ಬುಧವಾರ

ಗಿರಾಕಿ ಗಿರಾಕಿ. ರಂಜಾನ್, ಯುಗಾದಿ ಎರಡೂ ಒಟ್ಟಿಗೆ ಬಂದಿವೆ. ಬರೆಯಲು ಪುರುಸೊತ್ತಿಲ್ಲ.

ಮಾರ್ಚ್ ೨೪, ಸೋಮವಾರ

ಗೋಡೆ ಒಡೆಯಲು ಅಮಾತೆಪ್ಪ ಬೆಳಿಗ್ಗೆಯೇ ಬಂದ. ಹಬ್ಬ ಮುಗಿಯಲಿ ಎಂದರೆ ಕೇಳಲಿಲ್ಲ, ಹಬ್ಬದ ಆಮೇಲೆ ಅವನಿಗೆ ವಡಗೇರಾದಲ್ಲಿ ಕೆಲಸವಂತೆ. ಸ್ಟೂಲು, ದಾರದ ಡಬ್ಬಿಗಳನ್ನು ಬೀದಿಗೆ ಇಳಿಸಿದೆ. ಪಾತ್ರೆ ಅಂಗಡಿಯವನು ಕೈ ಹಚ್ಚಿದ.

ನನ್ನ ಸ್ಟೂಲು ಇದ್ದ ಕಡೆ ಗೋಡೆಯ ಮೇಲೆ ಒಂದು ಕಲೆ ಇತ್ತು. ತಲೆ ಆನಿಸಿ ಆನಿಸಿ ಎಣ್ಣೆ ಹತ್ತಿ ಕಪ್ಪಾದದ್ದು, ಅದರ ಕೆಳಗೆ ಬೆನ್ನು ತಿಕ್ಕಿ ಸುಣ್ಣ ಹೋದದ್ದು. ಮೊದಲು ಅಪ್ಪನದು, ಆಮೇಲೆ ನನ್ನದು. ಅದಕ್ಕೆ ಆನಿಕೊಂಡೇ ಕೂರುವವಳಿಗೆ ಅದು ಹೇಗೆ ಕಾಣಬೇಕು? ಇವತ್ತೇ ನೋಡಿದ್ದು. ನಾಚಿಕೆಯಾಗಿ ಒದ್ದೆ ಬಟ್ಟೆ ತಂದು ಒರೆಸಲು ಹೋದೆ.

ಅಷ್ಟರಲ್ಲಿ ಆ ಕಡೆಯಿಂದ ಅಮಾತೆಪ್ಪ ಕೂಗಿದ. "ಅಕ್ಕೋರ, ಇಲ್ಲಿ ಬರ್ರಿ. ಈ ಕಡಿನೂ ಅದ ನೋಡ್ರಿ!"

ಹೋದೆ. ಚಾಚಾನ ಗಾದಿ ಇದ್ದ ಜಾಗ. ಗೋಡೆಯ ಮೇಲೆ ಅಂಥದೇ ಕಲೆ. ಅಮಾತೆಪ್ಪ ಅಲ್ಲಿಂದ ಇಲ್ಲಿಗೆ ಟೇಪು ಹಿಡಿದು ಎರಡು ಸಲ ಓಡಾಡಿದ. "ಎರಡೂ ಎದರಾಬದರಾ ಅದಾವ. ನಡುವ ಒಂದ ಇಟ್ಟಂಗಿ. ನೀವಿಬ್ರೂ ಇಷ್ಟು ವರ್ಷ ಬೆನ್ನಿಗಿ ಬೆನ್ನು ಹಚ್ಚಿ ಕುಂತೀರಿ" ಎಂದು ನಕ್ಕ.

ನಾನು ನಗಲಿಲ್ಲ. ಏನೂ ಮಾತಿಲ್ಲದ ಎಷ್ಟೋ ಮಧ್ಯಾಹ್ನಗಳಲ್ಲಿ, ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ಬಿಸಿಲಿಗೆ ಗೋಡೆ ಬೆಚ್ಚಗಾಗಿದೆ ಎಂದುಕೊಂಡು ನಾನು ಆನಿಕೊಂಡು ಕೂತಿದ್ದೆ. ಆ ಗೋಡೆಗೆ ಬಿಸಿಲು ಬೀಳುವುದೇ ಇಲ್ಲ. ಎರಡು ಅಂಗಡಿಗಳ ನಡುವಿನ ಗೋಡೆ ಅದು.

"ಅಮಾತೆಪ್ಪ, ಇಷ್ಟು ಗ್ವಾಡಿ ಬಿಡು. ಉಳದದ್ದು ಒಡಿ."

"ನಡುವ ಒಂದ ಕಂಬದಂಗ ಬಿಟ್ಟು ಏನ್ ಮಾಡ್ತೀರಿ? ಹೋಗಾಕ ಬರಾಕ ಅಡ್ಡ ಆಗ್ತದ."

"ಆಗ್ಲಿ. ನನಗ ಬೆನ್ನಿಗಿ ಬೇಕು."

ಅವನು ಕಲೆಯ ಸುತ್ತ ಸುಣ್ಣದಲ್ಲಿ ಗೆರೆ ಎಳೆದು, ಅದನ್ನು ಬಿಟ್ಟು ಪಕ್ಕದಿಂದ ಒಡೆಯಲು ಶುರು ಮಾಡಿದ.